ಹೊಳೆ ದಾಟುವ ತನಕ

ಫೋಟೋ ತೆಗೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಬೆಳಕು ಚೆನ್ನಾಗಿ ಬಿತ್ತೆಂದರೆ ಸಾಕು, ತಾವು ಯಾರು, ಯಾವ ಊರಿನವರು, ಅವ್ವ ಏನು ಹೇಳಿ ಬೆಳೆಸಿದ್ದಳು, ಎಲ್ಲ ಮರೆತುಬಿಡುತ್ತಾರೆ. ಶಿರೂರಿನ ರಾಧಿಕಾ ಆ ದಿನ ಜಾಲಿಕೊಪ್ಪದಲ್ಲಿ ಮಾಳಪ್ಪನ ಮನೆಯ ಮುಂದೆ ಮಂಡಿಯೂರಿ ಕೂತಾಗ ಬಿದ್ದದ್ದು ಅಂಥದೇ ಬೆಳಕು. ಇಳಿಹೊತ್ತಿನ ಬಿಸಿಲು ಬೇವಿನ ಮರದ ಕೆಳಗಿನಿಂದ ನುಗ್ಗಿ ಬಂದು ಹೊಸ್ತಿಲ ಮೇಲೆ ಹರಡಿಕೊಂಡಿತ್ತು. ಒಳಗಿದ್ದವರೆಲ್ಲ ಗಂಟುಮೂಟೆ ಹೊತ್ತು ಇನ್ನೇನು ಹೊರಗೆ ಬರಬೇಕು. ರಾಧಿಕಾಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಹೆದರಿಕೆಗಲ್ಲ, ಖುಷಿಗೆ.

ಖುಷಿಗೆ ಕಾರಣವಿತ್ತು. ಅವಳು ಯಾವ ಪತ್ರಿಕೆಯ ನೌಕರಳೂ ಅಲ್ಲ. ತಾನೇ ತಿರುಗಿ, ಚಿತ್ರ ತೆಗೆದು, ವರದಿ ಬರೆದು, ಬೇಕೆಂದವರಿಗೆ ಕಳಿಸುವವಳು. ಊರಿನವರ ಬಾಯಲ್ಲಿ ‘ಫೋಟೋದಾಕಿ’. ನೆಲೆ ಬಿಟ್ಟು ಹೋಗುವ ಮಂದಿಯೇ ಅವಳ ವಿಷಯ. ಇಳಕಲ್ಲಿನ ಕಲ್ಲುಗಣಿಗೆ ಎಲ್ಲಿಂದಲೋ ಬಂದು ಬಿದ್ದವರು, ಬಾಗಲಕೋಟೆಯ ಹಿನ್ನೀರಿಗೆ ಮನೆ ಕೊಟ್ಟು ಎದ್ದವರು, ಮಲಪ್ರಭೆ ಉಕ್ಕಿದಾಗ ಶಿವಯೋಗ ಮಂದಿರದ ಕಡೆ ಶಾಲೆಯ ಕಟ್ಟಡಗಳಲ್ಲಿ ಕೂಳಿಗೆ ಸಾಲು ನಿಂತವರು, ಎಲ್ಲರ ಚಿತ್ರವೂ ಅವಳ ಹತ್ತಿರ ಇತ್ತು. ಆದರೆ ದುಡಿಮೆ ಹುಡುಕಿ ಗುಳೆ ಹೋಗುವವರ ಕತೆ ಮಾತ್ರ ಯಾರಿಗೂ ಬೇಕಿರಲಿಲ್ಲ. ‘ಅದು ಹಳೇ ವಿಷಯ’ ಎಂದು ಒಬ್ಬ ಸಂಪಾದಕ ಹೇಳಿದ್ದ. ಪ್ರತಿ ವರ್ಷ ಹೊಸದಾಗಿ ಹೋಗುವವರಿಗೆ ಅದು ಹೇಗೆ ಹಳೆಯದಾಗುತ್ತದೋ ದೇವರೇ ಬಲ್ಲ.

ಕೊನೆಗೆ ಬೆಂಗಳೂರಿನ ಒಂದು ಪತ್ರಿಕೆಯ ಚಿತ್ರಸಂಪಾದಕಿ ಶಹನಾಜ ಹೂಂ ಅಂದಿದ್ದಳು. ಒಂದೇ ಗುಂಪು, ಅವರ ಮನೆಯ ಹೊಸ್ತಿಲಿನಿಂದ ಹಿಡಿದು ಮಂಗಳೂರಿನ ಕಟ್ಟಡದ ಕೆಲಸದವರೆಗೆ, ನಡುವೆ ಎಲ್ಲೂ ಕಡಿಯದೆ. ಹಾಗೆ ತಂದರೆ ನಡುವಿನ ಪುಟಗಳೆಲ್ಲ ರಾಧಿಕಾಳಿಗೆ. ಎಳೆ ಕಡಿದರೆ ಏನೂ ಇಲ್ಲ. ಮಾಳಪ್ಪನ ಗುಂಪಿನ ಕತೆಯೂ ಹಾಗೆಯೇ ಇತ್ತು. ಮರುದಿನ ಮುಂಜಾನೆ ಮಂಗಳೂರಿನಲ್ಲಿ ಸ್ಲ್ಯಾಬ್ ಹಾಕುವ ಹೊತ್ತಿಗೆ ಇವರು ನಿಂತಿರಬೇಕು, ಇಲ್ಲವಾದರೆ ಆ ಹಂಗಾಮಿನ ಕೆಲಸ ಪೂರ್ತಿ ಬೇರೆ ಗುಂಪಿಗೆ ಎಂದು ಗುತ್ತಿಗೆದಾರ ಖಡಾಖಂಡಿತ ಹೇಳಿದ್ದ. ಅದಕ್ಕೆ ಇರುವುದು ಒಂದೇ ಬಸ್ಸು, ಸಂಜೆ ಐದಕ್ಕೆ ಕುಳಗೇರಿ ಕ್ರಾಸಿಗೆ ಬರುವುದು. ಕ್ರಾಸಿನವರೆಗೆ ಹೋಗಲು ಹುಲ್ಲಪ್ಪನ ಕ್ರೂಸರ್ ಗಾಡಿ ಮನೆ ಮುಂದೆ ಗುರುಗುಡುತ್ತ ನಿಂತಿತ್ತು. ಮೇಲೆ ಸಾಮಾನು ಹಗ್ಗ ಬಿಗಿದು ಕಟ್ಟಿಯಾಗಿತ್ತು.

ಮೊದಲು ಹೊರಗೆ ಬಂದವನು ಮಾಳಪ್ಪ. ಮೂರು ವರ್ಷದ ಹಿಂದಿನವರೆಗೂ ಕುರಿ ಕಾಯ್ದವನು, ಈಗ ಗುಂಪಿನ ಮೇಸ್ತ್ರಿ. ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಸಿನ, ಹೆಗಲ ಮೇಲೆ ಕರಿಕಂಬಳಿ. ಅವನ ಹಿಂದೆ ಹೆಂಡತಿ ದಾನಮ್ಮ, ತಲೆ ಮೇಲೆ ರೊಟ್ಟಿಯ ಬುಟ್ಟಿ, ಮೈಮೇಲೆ ಇಳಕಲ್ ಸೀರೆ. ಅವಳ ಹಿಂದೆ ಮುದುಕಿ ಬೋರವ್ವ, ಮಾಳಪ್ಪನ ತಾಯಿ. ಹಿಂದೆ ಗುಂಪಿನ ಉಳಿದವರು. ಮಾಳಪ್ಪನ ಬಲಗಾಲು ಹೊಸ್ತಿಲು ದಾಟಿತು, ಭಂಡಾರದ ಹಳದಿಯ ಮೇಲೆ ಬಿಸಿಲು ಬಿತ್ತು. ಶಹನಾಜ ಫೋನಿನಲ್ಲಿ ಹೇಳಿದ್ದಳು: “ಬಾಗಿಲಲ್ಲೇ ಕೇಳಿಬಿಡು ರಾಧಿಕಾ. ಅವರ ದನಿ ಅಲ್ಲಿಂದಲೇ ಶುರುವಾಗಬೇಕು.” ಕ್ಯಾಮೆರಾ ದನಿಯನ್ನೂ ಹಿಡಿಯುತ್ತಿತ್ತು. ರಾಧಿಕಾ ಬಾಯಿ ತೆಗೆದಳು.

“ಎಲ್ಲಿಗಿ ಹೊಂಟೀರಿ?”

ಸಾಲು ನಿಂತಲ್ಲೇ ನಿಂತಿತು. ದಾನಮ್ಮನ ಕೈ ಬುಟ್ಟಿಯ ಮೇಲೆಯೇ ಉಳಿಯಿತು. ಮಾಳಪ್ಪನ ಎಡಗಾಲು ಹೊಸ್ತಿಲ ಒಳಗೆ, ಬಲಗಾಲು ಹೊರಗೆ.

ಹೊರಟು ನಿಂತವರನ್ನು, ಅವರು ಹೊಳೆ ದಾಟುವ ತನಕ, ‘ಎಲ್ಲಿಗೆ’ ಎಂದು ಕೇಳಬಾರದು. ಇದು ಆ ಸೀಮೆಯಲ್ಲಿ ಹಾಲು ಬಿಡದ ಕೂಸಿಗೂ ಗೊತ್ತು. ಕೇಳಲೇಬೇಕಿದ್ದರೆ ‘ದೂರ ಹೊಂಟೀರೇನು’ ಅನ್ನಬೇಕು. ‘ಎಲ್ಲಿಗೆ’ ಅಂದುಬಿಟ್ಟರೆ ಹೋದ ಕೆಲಸ ಕೈಗೂಡುವುದಿಲ್ಲ. ಅಂದದ್ದಕ್ಕೆ ಪರಿಹಾರವೂ ಒಂದೇ: ತಿರುಗಿ ಒಳಗೆ ಹೋಗಬೇಕು, ಕೂಡಬೇಕು, ನೀರು ಕುಡಿಯಬೇಕು, ಮತ್ತೆ ಹೊಸದಾಗಿ ಹೊರಡಬೇಕು. ಬೇರೆ ಯಾರೋ ಪೇಟೆಯ ಪತ್ರಕರ್ತ ಕೇಳಿದ್ದರೆ ಪಾಪ ತಿಳಿಯದವನು ಅನ್ನಬಹುದಿತ್ತು. ಶಿರೂರಿನ ಗಾಳೆಪ್ಪ, ಸಕ್ರವ್ವರ ಮಗಳು ಕೇಳಿದರೆ ಏನನ್ನಬೇಕು? ಗಂಡಹೆಂಡಿರಿಬ್ಬರೂ ವರ್ಷಾವರ್ಷ ಗುಳೆ ಹೋಗಿಯೇ ಅವಳನ್ನು ಓದಿಸಿದ್ದರು.

“ಅಯ್ಯ ನನ್ನ ಬಾಯಿಗಿಷ್ಟು ಬೆಂಕಿ ಹಾಕ್ಲಿ!” ಎಂದಳು ರಾಧಿಕಾ.

“ಬೆಂಕಿ ಆಮ್ಯಾಲ ಹಾಕೋಣಂತ,” ಎಂದಳು ಬೋರವ್ವ, “ಮೊದಲ ಎಲ್ಲಾರೂ ಒಳಗ ನಡೀರಿ.”

“ಏ ಯಮ್ಮಾ!” ಹುಲ್ಲಪ್ಪ ಸ್ಟೀರಿಂಗಿನ ಹಿಂದಿನಿಂದಲೇ ಕೂಗಿದ. “ಐದರ ಬಸ್ ಐತಿ! ಕ್ರಾಸಿಗೆ ಮುಟ್ಟಾಕ ಅರ್ಧ ತಾಸು ಬೇಕು. ಒಂದ್ ಮಾತಿಗಿ ಬಸ್ ಬಿಡ್ತೀರೇನ?”

“ಬಸ್ ತಪ್ಪಿದ್ರ ಒಂದ್ ಕೆಲಸ ಹೋಗ್ತೈತಿ. ನಾವು ಹೋಗೂದು ಏನ್ ಮಾಡಾಕ? ಆರ್ ಮಾಳಗಿ ಎತ್ತರ ಹಲಗಿ ಮ್ಯಾಲ ನಿಂತು ದುಡಿಯಾಕ. ಮಗ ಕಾಲ್ ಜಾರಿದ್ರ ನೀ ಹಿಡೀತಿ ಏನಲೇ?” ಬೋರವ್ವ ಗದರಿದ ರೀತಿಗೆ ಹುಲ್ಲಪ್ಪ ಇಂಜಿನ್ ಬಂದ್ ಮಾಡಿದ. ಮುದುಕಿ ಅಷ್ಟಕ್ಕೇ ಬಿಡಲಿಲ್ಲ. “ಮತ್ತ ಒಲಿ ಇಳಸು.”

“ಒಲಿ ಯಾಕ?”

“ಒಲಿ ಹೊರಗಿದ್ದು ಮಂದಿ ಅಷ್ಟ ಒಳಗ ಬಂದ್ರ ತಿರುಗಿ ಬಂದಂಗ ಆಗೂದಿಲ್ಲ. ಒಲಿ ಎಲ್ಲಿ ಐತಿ ಮನಿ ಅಲ್ಲೈತಿ.”

ಒಲೆ ಅಂದರೆ ಎರಡು ಉರಿಯ ಗ್ಯಾಸ್ ಒಲೆ. ಅದು ಸಾಮಾನಿನಲ್ಲಿ ಎಲ್ಲಕ್ಕಿಂತ ತಳದಲ್ಲಿತ್ತು. ಮಾಳಪ್ಪ ಗಾಡಿ ಹತ್ತಿದ. ಹಾಸಿಗೆಯ ಸುರುಳಿ ಬಂತು, ಕುಕ್ಕರ್ ಬಂತು, ಜೋಳದ ಹಿಟ್ಟಿನ ಚೀಲ ಬಂತು, ಗುದ್ದಲಿ ಬುಟ್ಟಿಗಳು ಬಂದವು. ರಾಧಿಕಾ ಕ್ಯಾಮೆರಾ ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು. ಚಿತ್ರ ತೆಗೆಯಲು ಮುಖವಿರಲಿಲ್ಲ, ತೆಗೆಯದಿರಲು ಮನಸ್ಸಿರಲಿಲ್ಲ. ಕೊನೆಗೆ ಒಲೆ ಹೊರಬಂದಾಗ ಬೋರವ್ವ ಅದನ್ನು ಅವಳ ಕೈಗೇ ಹೊರಿಸಿದಳು. “ಇಳಸಾಕ ಹಚ್ಚಿದಾಕಿ ನೀನ. ಒಳಗ ನೀನ ಒಯ್ಯಿ.”

ಒಳಗೆ ಇನ್ನೊಂದು ಪೇಚು ಕಾದಿತ್ತು. ತಿಂಗಳುಗಟ್ಟಲೆ ಬೀಗ ಹಾಕುವ ಮನೆಯೆಂದು ಇದ್ದ ಕೊಡಗಳನ್ನೆಲ್ಲ ಬರಿದು ಮಾಡಿ ಬೋರಲು ಹಾಕಿದ್ದರು. ಕುಡಿಯಲು ಒಂದು ಹನಿ ನೀರಿಲ್ಲ. ರಾಧಿಕಾ ತನ್ನ ಬಾಟಲಿ ಮುಂದೆ ಹಿಡಿದಳು. “ಅದು ಹಾದಿ ನೀರು, ಮನಿ ನೀರಲ್ಲ,” ಎಂದಳು ಬೋರವ್ವ. ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದಲಿಂಗವ್ವ ಗದ್ದಲ ಕೇಳಿ ಕೊಡ ಹೊತ್ತೇ ಓಡಿ ಬಂದಳು. ಅವಳ ಕೊಡದ ನೀರು ಇವರ ಕೊಡಕ್ಕೆ ಬಿತ್ತು. ಇವರ ಕೊಡದಿಂದ ಹಿತ್ತಾಳೆ ತಂಬಿಗೆಗೆ ಬಿತ್ತು. ಈಗ ಅದು ಮನೆಯ ನೀರಾಯಿತು ಎಂದು ಬೋರವ್ವ ತೀರ್ಪು ಕೊಟ್ಟಳು. ಕಾನೂನು ಅವಳ ಕೈಯಲ್ಲಿತ್ತು, ಯಾರೂ ಎದುರಾಡಲಿಲ್ಲ.

ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತರು. ರಾಧಿಕಾ ಬಾಗಿಲ ಹತ್ತಿರ ನಿಂತೇ ಇದ್ದಳು.

“ನೀ ಕೂಡೂದಿಲ್ಲೇನ?” ಎಂದಳು ಬೋರವ್ವ.

“ನಾ ಯಾಕ ಆಯಿ? ಕೇಳಿದಾಕಿ ನಾನ.”

“ನಮ್ಮ ಸಂಗಾಟ ಬರಾಕಿ ಹೌದಲ್ಲೋ? ಹಂಗಾರ ನೀನೂ ಹೊಂಟಾಕೀನ. ಕೂಡು.”

ಅವಳು ಸಾಲಿನ ತುದಿಗೆ ಕೂತಳು. ತಂಬಿಗೆ ಆ ತುದಿಯಿಂದ ಹೊರಟಿತು. ಒಬ್ಬರು ಎತ್ತಿ ಕುಡಿದು ಪಕ್ಕದವರಿಗೆ ದಾಟಿಸುವುದು, ಅವರು ಇನ್ನೊಬ್ಬರಿಗೆ. ಅವಸರಕ್ಕೆ ನೀರು ನೆತ್ತಿಗೇರಿ ಮಾಳಪ್ಪ ಕೆಮ್ಮಿದ. ದಾನಮ್ಮನಿಗೆ ಮೊದಲು ನಗು ಬಂತು. ಒಬ್ಬರು ನಕ್ಕದ್ದೇ ಸಾಲು ಪೂರ್ತಿ ನಗತೊಡಗಿತು. ಬಸ್ಸು ತಪ್ಪುವ ಹೊತ್ತಿನಲ್ಲಿ, ಬೀಗ ಹಾಕಬೇಕಿದ್ದ ಮನೆಯೊಳಗೆ ತಿರುಗಿ ಬಂದು, ನಡುಮನೆಯಲ್ಲಿ ಒಲೆ ಇಟ್ಟುಕೊಂಡು, ಗುಳೆ ಹೊರಟವರು ಹೊಟ್ಟೆ ಹಿಡಿದು ನಗುತ್ತಿದ್ದರು. ಬಾಗಿಲಿನ ಬಿಸಿಲು ನೇರ ತಂಬಿಗೆಯ ಮೇಲೆ. ರಾಧಿಕಾ ಏಳಲಿಲ್ಲ. ಕೂತಲ್ಲಿಂದಲೇ, ಮಡಿಲಲ್ಲಿದ್ದ ಕ್ಯಾಮೆರಾವನ್ನು ಮೊಣಕಾಲಿನ ಮೇಲಿಟ್ಟು, ತನ್ನ ಕಡೆಗೆ ಬರುತ್ತಿದ್ದ ತಂಬಿಗೆಯ ಚಿತ್ರ ತೆಗೆದಳು. ಕೈಗಳು, ನಗು, ಭಂಡಾರ, ಇಳಕಲ್ ಸೆರಗು. ಸಾಲಿನ ಹೊರಗೆ ನಿಂತವರಿಗೆ ಅಂಥ ಚಿತ್ರ ಸಿಗುತ್ತಿರಲಿಲ್ಲ. ಆಮೇಲೆ ತಂಬಿಗೆ ಅವಳಿಗೇ ಬಂತು. ತಳದಲ್ಲಿ ಉಳಿದದ್ದನ್ನು ಗಟಗಟ ಕುಡಿದಳು.

“ಏಳ್ರಿ ಇನ್ನ! ಬಲಗಾಲು!” ಎಂದಳು ಬೋರವ್ವ. “ಮತ್ತ ಹೊಳಿ ದಾಟೂ ತನಕ ಯಾರರ ಎಲ್ಲಿಗಿ ಅಂದ್ರ ನಾ ಕೇಳಾಕಿ ಅಲ್ಲ, ಬಸ್ಸಿನಿಂದ ಇಳಿಸಿ ಕರ್ಕೊಂಡು ಬರ್ತೇನಿ!”

ಈ ಸಲ ಸಾಮಾನು ಹೇಗೆ ಏರಿತೋ ಯಾರಿಗೂ ನೆನಪಿಲ್ಲ. ಹುಲ್ಲಪ್ಪ ಕ್ಲಚ್ ಬಿಟ್ಟ ರಭಸಕ್ಕೆ ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ದಾರಿಯ ತಗ್ಗನ್ನೂ ನೋಡಲಿಲ್ಲ, ದಿಬ್ಬವನ್ನೂ ನೋಡಲಿಲ್ಲ. ರಾಧಿಕಾ ಆ ಕುಲುಕಾಟದಲ್ಲೇ ತಂಬಿಗೆಯ ಚಿತ್ರವನ್ನು ಫೋನಿಗೆ ಇಳಿಸಿಕೊಂಡು ಶಹನಾಜಳಿಗೆ ಕಳಿಸಿದಳು. ಫೋನಿನ ಗಡಿಯಾರ ನೋಡಿದಳು, ಐದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ತನ್ನ ಒಂದು ಮಾತಿಗೆ ಇಷ್ಟು ಮಂದಿಯ ಹಂಗಾಮು ಹೋದರೆ ನಾಳೆ ಯಾವ ಮುಖ ಹೊತ್ತು ಈ ದಾರಿಯಲ್ಲಿ ಓಡಾಡುವುದು?

ಗಾಡಿ ಒಂದು ತಿರುವು ತಿರುಗಿ ಗಕ್ಕನೆ ನಿಂತಿತು. ಎದುರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಕುರಿ. ಈ ದಂಡೆಯಿಂದ ಆ ದಂಡೆಯವರೆಗೆ ಬರೀ ಕುರಿ. ನಡುವೆ ಕಂಬಳಿ ಹೊದ್ದು ಬೀರಲಿಂಗ, ಮಾಳಪ್ಪನ ಕಾಕಾನ ಮಗ. ಮಾಳಪ್ಪ ತನ್ನ ಕುರಿ ಮಾರಿದ್ದೂ ಅವನಿಗೇ.

ಬೀರಲಿಂಗ ತುಂಬಿದ ಗಾಡಿ ನೋಡಿ ಕೈಯೆತ್ತಿದ. “ದೂರ ಹೊಂಟೀರೇನಪಾ?”

ನೋಡು, ಕುರಿ ಕಾಯುವವನಿಗೆ ಇರುವ ಎಚ್ಚರ ತನಗಿರಲಿಲ್ಲ ಎಂದು ರಾಧಿಕಾಳಿಗೆ ಚುಚ್ಚಿದಂತಾಯಿತು.

“ದೂರಲೇ ದೂರ! ಕುರಿ ಸರಸು!” ಎಂದು ಮಾಳಪ್ಪ ಕಿಟಕಿಯಿಂದ ಕೂಗಿದ. ಕೂಗಬಾರದಿತ್ತು. ದನಿ ಕೇಳಿದ್ದೇ ಹಿಂಡಿನೊಳಗಿನ ಅವನ ಹಳೆಯ ಕುರಿಗಳು ತಲೆಯೆತ್ತಿದವು. ಸರಿಯುವುದಿರಲಿ, ಬ್ಯಾ ಎಂದು ಗಾಡಿಗೇ ಬಂದು ಮುತ್ತಿದವು. ಉಳಿದವು ಅವುಗಳ ಹಿಂದೆ. ಹುಲ್ಲಪ್ಪ ಹಾರ್ನ್ ಬಾರಿಸಿದಷ್ಟೂ ಒತ್ತಿಕೊಂಡು ಬಂದವು.

ಮಾಳಪ್ಪ ಬಾಗಿಲು ತೆಗೆದು ಹಾರಿದ. ನಾಲಿಗೆ ಮಡಚಿ ಹುರ್ರ್ರ್ ಎಂದು ಉದ್ದಕ್ಕೆ ಕೂಗುತ್ತ ಪಕ್ಕದ ಕಟಾವಾದ ಹೊಲಕ್ಕೆ ಓಡಿದ. ಮೂರು ವರ್ಷ ಸಿಮೆಂಟು ಕಲಸಿದರೂ ಆ ಕೂಗು ಮಾಸಿರಲಿಲ್ಲ. ಹಿಂಡು ಹಿಂಡೇ ಹೊರಳಿ ಅವನ ಬೆನ್ನ ಹಿಂದೆ ಹೊಲಕ್ಕಿಳಿಯಿತು. ಧೂಳು ಬಂಗಾರದ ಬಣ್ಣಕ್ಕೆ ತಿರುಗಿ ಮುಗಿಲಿಗೆ ಎದ್ದಿತು. ರಾಧಿಕಾ ಗಾಡಿಯ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಚಿತ್ರದ ಮೇಲೆ ಚಿತ್ರ ತೆಗೆದಳು. ದಾನಮ್ಮ ಅವಳ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಗಾಡಿ ಬಿಡೋ ಹುಲ್ಲಪ್ಪಾ!” ಎಂದು ಮಾಳಪ್ಪ ಹೊಲದಿಂದ ಕೂಗಿದ. ರಸ್ತೆ ಖಾಲಿಯಾಗಿತ್ತು. ಗಾಡಿ ಹೊರಟಿತು. ಮಾಳಪ್ಪ ಹೊಲದ ಮೂಲೆ ಕತ್ತರಿಸಿ ಓಡಿ ಬಂದು ಓಡುವ ಗಾಡಿಯ ಹಿಂದಿನ ಏಣಿಗೆ ಜೋತುಬಿದ್ದ. ಒಂದು ಟಗರು ಬಹಳ ದೂರದವರೆಗೆ ಬೆನ್ನು ಹತ್ತಿತ್ತು. ಅದನ್ನು ನೋಡಿ ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಧೂಳಿನಲ್ಲಿ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಕ್ರಾಸು ಕಂಡಿತು. ಮಂಗಳೂರಿನ ಬಸ್ಸೂ ಕಂಡಿತು, ಆದರೆ ಅದರ ಬೆನ್ನು. ಚಹಾದಂಗಡಿ ದಾಟಿ ನರಗುಂದದ ದಾರಿ ಹಿಡಿದು ಹೊರಟೇಬಿಟ್ಟಿತ್ತು. ರಾಧಿಕಾ ಕಣ್ಣು ಮುಚ್ಚಿಕೊಂಡಳು.

ಆಗ ಹುಲ್ಲಪ್ಪನಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಇವರ ಮೇಲಿದ್ದ ಸಿಟ್ಟು ಈಗ ಬಸ್ಸಿನ ಮೇಲೆ ತಿರುಗಿತು. “ನನ್ನ ಗಾಡಿಗಿ ಬೆನ್ ತೋರಸ್ತೈತಿ ಏನ್? ಗಟ್ಟಿ ಹಿಡ್ಕೋರಿ!” ಎಂದವನೇ ಕ್ರಾಸಿನಲ್ಲಿ ನಿಲ್ಲಿಸಲೇ ಇಲ್ಲ. ಹೆದ್ದಾರಿಗೆ ಬಿದ್ದು ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಮಾಳಪ್ಪ ಏಣಿಯಿಂದ ಮೇಲೇರಿ ಸಾಮಾನಿನ ಮೇಲೆ ಕೂತು ಕಂಬಳಿ ಬೀಸತೊಡಗಿದ. ಹೆಂಗಸರು ಕಿಟಕಿಗಳಿಂದ ಸೆರಗು ಬೀಸಿದರು. “ನಿಂದರ್ಸೋ! ನಿಂದರ್ಸೋ ಎಪ್ಪಾ!” ಬೋರವ್ವ ಅಂತೂ ಬಸ್ಸಿನ ಚಾಲಕನ ಏಳು ತಲೆಮಾರನ್ನು ಹೆಸರಿಲ್ಲದೆಯೇ ಕರೆದಳು. ರಾಧಿಕಾಳೂ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಹೆದರಿಕೆ ಎಲ್ಲಿ ಹೋಯಿತೋ, ಅವಳಿಗೆ ಚಿಕ್ಕಂದಿನಲ್ಲಿ ಜೋಕಾಲಿ ಜೀಕುವಾಗ ಆಗುತ್ತಿದ್ದಂಥ ಖುಷಿಯಾಗುತ್ತಿತ್ತು.

ಕೊಣ್ಣೂರಿನ ಸೇತುವೆ ಇನ್ನು ಕೂಗಳತೆ ಇದೆ ಅನ್ನುವಾಗ ಕ್ರೂಸರ್ ಬಸ್ಸನ್ನು ದಾಟಿತು. ಮುಂದೆ ಹೋಗಿ ಅಡ್ಡ ನಿಂತಿತು. ಬಸ್ಸು ಬುಸ್ಸೆಂದು ನಿಂತಿತು. ಎಲ್ಲರೂ ದಬದಬ ಇಳಿದು ಓಡಿದರು. ಬಸ್ಸಿನ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಕಂಡಕ್ಟರ್, ಕೈಯಲ್ಲಿ ಟಿಕೆಟ್ ಯಂತ್ರ, ಮುಖ ಕೆಂಪು.

ಬೋರವ್ವ ರಾಧಿಕಾಳ ರಟ್ಟೆ ಗಪ್ಪನೆ ಹಿಡಿದಳು. ರಾಧಿಕಾಳಿಗೆ ಒಮ್ಮೆಲೇ ಹೊಳೆಯಿತು. ‘ಎಲ್ಲಿಗೆ’ ಎಂದು ಕೇಳುವುದೇ ಕಂಡಕ್ಟರನ ಕೆಲಸವಲ್ಲವೇ? ಹೊಳೆಯಿನ್ನೂ ದಾಟಿಲ್ಲ. ಪ್ರತಿ ವರ್ಷ ಮಾಳಪ್ಪನೇ ಬಾಗಿಲಲ್ಲಿ ಮೊದಲು ನಿಂತು, ಕಂಡಕ್ಟರ್ ಕೇಳುವುದರೊಳಗೆ ಊರ ಹೆಸರು ಹೇಳಿಬಿಡುತ್ತಿದ್ದನಂತೆ. ಈಗ ಅವನು ಗಾಡಿಯ ಮೇಲೆ ಹಗ್ಗ ಬಿಚ್ಚುತ್ತಿದ್ದ.

ಕಂಡಕ್ಟರ್ ಬಾಯಿ ತೆಗೆದ. “ಏನ್ ಹುಚ್ಚ್ ಹಿಡದೈತೇನ್ರೀ? ಎಲ್ಲಿ...”

“ಮಂಗಳೂರ್ರೀ!” ರಾಧಿಕಾ ಒಂದೇ ನೆಗೆತಕ್ಕೆ ಮೆಟ್ಟಿಲು ಹತ್ತಿ ಅವನ ಮುಖದ ಮುಂದೆಯೇ ಚೀರಿದಳು. “ಮಂಗಳೂರು! ಅಷ್ಟೂ ಮಂದಿ ಮಂಗಳೂರು! ನಾನೂ ಮಂಗಳೂರು! ನೀವೇನ್ ಕೇಳಬ್ಯಾಡ್ರಿ, ಬರೇ ಟಿಕೆಟ್ ಕೊಡ್ರಿ!”

ಕಂಡಕ್ಟರನ ಮಾತು ಗಂಟಲಲ್ಲೇ ಕೂತಿತು. ಕೆಳಗೆ ನಿಂತ ಗುಂಪು ಒಂದೇ ದನಿಯಲ್ಲಿ ಹೋ ಎಂದಿತು. ಬೋರವ್ವ ರಾಧಿಕಾಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ಆ ಮುದುಕಿಯ ಶಹಬ್ಬಾಸ್.

ಬಸ್ಸು ಹೊರಟಾಗ ಹುಲ್ಲಪ್ಪ ಬಾನೆಟ್ಟಿಗೆ ಒರಗಿ ಕೈ ಬೀಸುತ್ತಿದ್ದ, ತಾನೇ ಲಗ್ನ ಮಾಡಿಕೊಟ್ಟವನ ಹಾಗೆ. ರಾಧಿಕಾಳ ಫೋನು ಮಿಡಿಯಿತು. ಶಹನಾಜ ಬರೆದಿದ್ದಳು: “ಇದೇ ಮೊದಲನೇ ಚಿತ್ರ! ಎಷ್ಟು ಚೆನ್ನಾಗಿದೆ! ಆದರೆ ಇವರು ಹೋಗುತ್ತಿದ್ದಾರೋ, ಬರುತ್ತಿದ್ದಾರೋ?” ರಾಧಿಕಾ ನಗುತ್ತ ಉತ್ತರ ಒತ್ತಿದಳು: “ಹೊಳೆ ದಾಟಿದ ಮೇಲೆ ಹೇಳುತ್ತೇನೆ.”

ಸೇತುವೆ ಬಂತು. ಕೆಳಗೆ ಮಲಪ್ರಭೆ ಕೆಂಪಾಗಿ ಹರಿಯುತ್ತಿತ್ತು. ಬೋರವ್ವ ಕಿಟಕಿಯಿಂದ ಚಿಟಿಕೆ ಭಂಡಾರ ಹೊಳೆಗೆ ತೂರಿ ಕೈ ಮುಗಿದಳು. ಆಚೆಯ ದಂಡೆ ಮುಟ್ಟಿದ್ದೇ ರಾಧಿಕಾಳ ಕಡೆ ತಿರುಗಿದಳು.

“ಹಾಂ. ಈಗ ಕೇಳು.”

“ಏನ್ ಕೇಳ್ಲಿ ಆಯಿ?”

“ಹೊಸ್ತಿಲದಾಗ ಕೇಳಿದ್ಯಲ್ಲಾ, ಅದನ್ನ. ಹೊಳಿ ದಾಟೇವಿ. ಈಗ ಎಷ್ಟರ ಕೇಳು.”

ರಾಧಿಕಾ ಕ್ಯಾಮೆರಾ ಎತ್ತಿದಳು. “ಎಲ್ಲಿಗಿ ಹೊಂಟೀರಿ?”

“ಸಮುದ್ರ ನೋಡಾಕ!” ಎಂದಳು ದಾನಮ್ಮ. “ಕುರಿ ಹೊಳ್ಳಿ ತರಾಕ,” ಎಂದ ಮಾಳಪ್ಪ, ಮೀಸೆಯ ಧೂಳು ಒರೆಸಿಕೊಳ್ಳುತ್ತ. ಒಬ್ಬ ಮಗಳ ಶಾಲೆಯ ಖರ್ಚಿಗೆ ಅಂದ, ಇನ್ನೊಬ್ಬ ಸುಮ್ಮನೆ ಮಂಗಳೂರಿಗೆ ಅಂದ. “ನಾ ಎಲ್ಲಿಗೂ ಹೋಗೂದಿಲ್ಲವಾ,” ಎಂದಳು ಬೋರವ್ವ, “ಒಲಿ ಹೋದಲ್ಲಿ ನಾ ಇರ್ತೇನಿ.” ಬಸ್ಸಿನ ಬೇರೆ ಪ್ರಯಾಣಿಕರೂ ತಮ್ಮನ್ನು ಕೇಳಲಿ ಎಂದು ಕತ್ತು ಚಾಚಿದರು.

ರಾಧಿಕಾ ಕ್ಯಾಮೆರಾ ಇಳಿಸಿದಳು. ಆ ಪ್ರಶ್ನೆ ಹೊಸ್ತಿಲಲ್ಲಿ ಬಾಯಿ ತಪ್ಪಿ ಬಂದದ್ದಲ್ಲ ಎಂದು ಅವಳಿಗೆ ಆಗ ಅನಿಸಿತು. ಅದು ಬಹಳ ಹಿಂದಿನದು. ಐದಾರು ವರ್ಷದವಳಿದ್ದಾಗ ಅಪ್ಪ ಅವ್ವ ಗಂಟು ಹೊತ್ತು ಹೊಸ್ತಿಲು ದಾಟುವಾಗ ಅಜ್ಜಿ ಅವಳ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು, ಎಲ್ಲಿಗೆ ಅಂದೀತು ಕೂಸು ಎಂದು. ಪ್ರತಿ ವರ್ಷ ಆ ಅಂಗೈ. ಪ್ರತಿ ವರ್ಷ ಅವರು ಎಲ್ಲಿಗೋ ಹೋಗುತ್ತಿದ್ದರು. ಊರೂರು ಅಲೆದು ಸಿಕ್ಕಸಿಕ್ಕವರನ್ನು ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದವಳು, ಆ ಇಬ್ಬರನ್ನು ಮಾತ್ರ ಕೇಳಿರಲಿಲ್ಲ.

ಅವಳು ಅವ್ವನಿಗೆ ಫೋನು ಹಚ್ಚಿದಳು. ಎತ್ತಿದವಳೇ ಸಕ್ರವ್ವ ಕೇಳಿದ್ದು, “ಹೊಳಿ ದಾಟಿದ್ಯಾ?”

“ದಾಟೇನಿ. ಯವ್ವಾ, ನಾ ಸಣ್ಣಾಕಿ ಇದ್ದಾಗ ನೀವು ಎಲ್ಲಿಗಿ ಹೋಗ್ತಿದ್ರಿ?”

ಆ ಕಡೆಯಿಂದ ಕಟ್ಟೆ ಒಡೆದ ಹಾಗೆ ಮಾತು. “ಮೊದಲಿಗೆ ಸಾವಂತವಾಡಿಗವಾ, ರಸ್ತಾದ ಕೆಲಸಕ್ಕ. ಆಮ್ಯಾಲ ಪೋಂಡಾ. ವಾಸ್ಕೋದಾಗ ಇದ್ವಲ್ಲಾ, ನಮ್ಮ ಜೋಪಡಿ ಬಾಗಲದಾಗ ಕುಂತ್ರ ಹಡಗ ಕಾಣ್ತಿದ್ವು. ನಿಮ್ಮಪ್ಪ ದಿನಾ ಅಂತಿದ್ದ, ನಮ್ಮ ರಾಧಿಗೆ ಇದನ್ನ ತೋರಿಸಬೇಕಾಗಿತ್ತು ಅಂತ.”

“ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ ಬೇ?”

“ನೀ ಕೇಳ್ಲಿಲ್ಲ. ತಿರುಗಿ ಬಂದ ಮ್ಯಾಲರ ಕೇಳ್ತಿ ಅಂತ ವರ್ಷಾ ಕಾಯ್ತಿದ್ದೆ. ಕೇಳಬಾರದ್ದು ಹೋಗೂ ಮುಂದ ಅಷ್ಟ, ಬಂದ ಮ್ಯಾಲ ಕೇಳಬಹುದು ಅಂತ ನಿನಗ ಯಾರೂ ಹೇಳಲೇ ಇಲ್ಲೇನ?”

ಯಾರೂ ಹೇಳಿರಲಿಲ್ಲ. ರಾಧಿಕಾಳ ಕಣ್ಣು ತುಂಬಿ ಹರಿಯಿತು, ನಗುವೂ ಬಂತು. ಬೋರವ್ವ ಏನೂ ಕೇಳದೆ ತನ್ನ ಸೆರಗಿನ ತುದಿ ಅವಳ ಕೈಗಿಟ್ಟಳು.

“ಈಗ ನೀ ಹೇಳು,” ಎಂದಳು ಸಕ್ರವ್ವ. “ಮುಂಜಾನಿ ಬ್ಯಾಗ್ ಹಾಕ್ಕೊಂಡು ಎದ್ದಿ, ದೂರ ಹೊಂಟೀಯೇನು ಅಂದೆ, ಹೂಂ ಅಂದಿ, ಹೋದಿ. ಯಾವಾಗಲೂ ಹಿಂಗ ಹೋಗ್ತಿ. ಹೊಳಿ ದಾಟಿದ ಮ್ಯಾಲ ಫೋನ್ ಹಚ್ಚಿ ಹೇಳ್ತಿ ಅಂತ ಪ್ರತಿ ಸಲ ಕಾಯ್ತೇನಿ ಮಗಳ. ಎಲ್ಲಿಗಿ ಹೊಂಟಿ?”

ತನ್ನ ಕೆಲಸದ ಬಗ್ಗೆ ಅವ್ವನಿಗೆ ಆಸ್ಥೆಯಿಲ್ಲ, ಅದಕ್ಕೇ ಕೇಳುವುದಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದಳು ರಾಧಿಕಾ. ಅವಳು ಕಣ್ಣೊರೆಸಿಕೊಂಡು, ಬಸ್ಸಿನ ಸದ್ದನ್ನು ಮೀರಿ, ಶಿರೂರಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಕೂಗಿದಳು: “ಮಂಗಳೂರಿಗಿ ಬೇ! ಮಂಗಳೂರಿಗಿ ಹೊಂಟೇನಿ!”

ಮುಂದಿನ ಸೀಟಿನಿಂದ ಕಂಡಕ್ಟರ್ ತಿರುಗಿ ನೋಡಿ ಕೈ ಮುಗಿದ. “ಗೊತ್ತಾತ್ರೀ ಅಕ್ಕಾರ! ಟಿಕೆಟ್ ಕೊಟ್ಟೇನಲ್ರೀ!”